ಗಟ್ಟಿ ಕಂಬಿ ಸಾಲದು, ಒರಾಂಗುಟಾನಿಗೆ ಕೆಲಸವೂ ಬೇಕು

ಪೆರ್ನಾಲಿನ ಮಾರನೆಯ ದಿನವೋ ಶಾಲೆಯ ರಜೆಯಲ್ಲೋ ನಮ್ಮ ಮಂಗಳೂರು, ಬಂಟ್ವಾಳ, ಉಳ್ಳಾಲದ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಪಿಲಿಕುಳಕ್ಕೆ, ಇಲ್ಲವೇ ಮೈಸೂರಿನ ಮೃಗಾಲಯಕ್ಕೆ ಹೋಗುತ್ತವೆ. ನಮ್ಮ ತಂದೆಯವರ ಅಂಗಡಿ ಇರುವುದು ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಧನ್ವಾಡದಲ್ಲಿ. ಇಲ್ಲಿಯವರು ಹೈದರಾಬಾದಿನ ನೆಹರೂ ಮೃಗಾಲಯಕ್ಕೆ ಹೋಗುತ್ತಾರೆ. ಊರು ಯಾವುದಾದರೂ ಮನೆಗೆ ಬಂದ ಮೇಲೆ ಕೇಳುವ ಪ್ರಶ್ನೆ ಒಂದೇ: ಪ್ರಾಣಿ ಹತ್ತಿರದಿಂದ ಕಂಡಿತಾ? ಕಂಡರೆ ಮೃಗಾಲಯ ಒಳ್ಳೆಯದು, ಕಾಣದಿದ್ದರೆ ಟಿಕೆಟಿನ ದುಡ್ಡು ದಂಡ.

ಈ ಅಳತೆ ಸರಿಯಿಲ್ಲ ಎಂಬುದು ನನ್ನ ವಾದ. ಒಂದು ಆವರಣವನ್ನು ಅಳೆಯಬೇಕಾದುದು ಹೊರಗೆ ನಿಂತ ನಮಗೆ ಏನು ಕಂಡಿತು ಎಂಬುದರಿಂದ ಅಲ್ಲ, ಒಳಗಿರುವ ಪ್ರಾಣಿಗೆ ಇಡೀ ದಿನ ಮಾಡಲು ಏನಿದೆ ಎಂಬುದರಿಂದ. ಇದನ್ನು ಎಲ್ಲಕ್ಕಿಂತ ಚೆನ್ನಾಗಿ ಕಲಿಸುವ ಪ್ರಾಣಿ ಒರಾಂಗುಟಾನ್.

ನಮ್ಮ ದೇಶದ ಮಟ್ಟಿಗೆ ಈ ಮಾತಿಗೆ ಒಂದು ಹಿನ್ನೆಲೆ ಇದೆ. ಒಡಿಶಾದ ನಂದನಕಾನನದಲ್ಲಿದ್ದ ಬಿನ್ನಿ ಎಂಬ ಹೆಣ್ಣು ಒರಾಂಗುಟಾನ್ 2019ರಲ್ಲಿ 41ನೇ ವಯಸ್ಸಿನಲ್ಲಿ ಸತ್ತಿತು. ಅದು ಆಗ ಭಾರತದಲ್ಲಿದ್ದ ಏಕೈಕ ಒರಾಂಗುಟಾನ್. 2003ರಲ್ಲಿ ಪುಣೆಯಿಂದ ಬಂದ ಅದಕ್ಕೆ ತನ್ನ ಜಾತಿಯ ಜೊತೆಯೇ ಇರಲಿಲ್ಲ. ಆಮೇಲೆ 2021ರಲ್ಲಿ ಸಿಂಗಪುರ ಮತ್ತು ಮಲೇಷ್ಯಾದಿಂದ ಒರಾಂಗುಟಾನ್‌ಗಳು ಮೈಸೂರಿಗೆ ಬಂದವು. ಅವುಗಳ ಮನೆ ಕಟ್ಟಲು ಇನ್ಫೋಸಿಸ್ ಫೌಂಡೇಶನ್ ನೆರವು ಕೊಟ್ಟಿತು. 1892ರಲ್ಲಿ ಶುರುವಾದ ಮೃಗಾಲಯಕ್ಕೆ ಇದು ಹೆಮ್ಮೆಯ ವಿಷಯವೇ. ಆದರೆ ಈ ಪ್ರಾಣಿ ಮನುಷ್ಯನ ಆರೈಕೆಯಲ್ಲಿ ಐವತ್ತು ವರ್ಷ ದಾಟಿಯೂ ಬದುಕಬಲ್ಲದು. ಮರಿಯಾಗಿ ಬಂದದ್ದನ್ನು ನೋಡಿದ ನಮ್ಮ ಮಕ್ಕಳು ಅಜ್ಜ ಅಜ್ಜಿಯಾಗುವ ಹೊತ್ತಿಗೂ ಅದು ಅಲ್ಲೇ ಇದ್ದೀತು. ಉದ್ಘಾಟನೆಯ ದಿನದ ಚಂದ ಐವತ್ತು ವರ್ಷದ ಬಾಳಿಗೆ ಸಾಕಾಗುವುದಿಲ್ಲ.

ಮೊದಲು ಸುರಕ್ಷತೆಯ ಮಾತು. ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಹಾಗಾಗಿ ಕಣ್ಣು ಮೊದಲು ಹೋಗುವುದು ನಟ್ಟು ಬೋಲ್ಟಿನ ಕಡೆಗೆ. ಒರಾಂಗುಟಾನ್ ಮರದ ಮೇಲೆ ಬದುಕುವ ಪ್ರಾಣಿಗಳಲ್ಲೆಲ್ಲ ದೊಡ್ಡದು. ಬೆಳೆದ ಗಂಡಿನ ಎರಡು ಕೈ ಚಾಚಿದರೆ ಎರಡು ಮೀಟರಿಗೂ ಹೆಚ್ಚು, ತೂಕ 90 ಕಿಲೋದ ಆಸುಪಾಸು. ಅದು ಬಿಗಿಯಾಗಿ ಹಿಡಿದ ಹಗ್ಗದ ಜೊತೆ ಅಡ್ಡ ಮಟ್ಟದಿಂದ ಬಿಟ್ಟುಕೊಂಡು ತೂಗಿತು ಎನ್ನಿ. ಕೆಳಗಿನ ಬಿಂದುವಿಗೆ ಬಂದಾಗ ಹಗ್ಗದ ಮೇಲಿನ ಎಳೆತ ಅದರ ತೂಕದ ಮೂರು ಪಟ್ಟು, ಅಂದರೆ 270 ಕಿಲೋ. ಎರಡು ಪ್ರಾಣಿ ಒಂದೇ ಹಗ್ಗಕ್ಕೆ ಜೋತುಬಿದ್ದರೆ ಇನ್ನೂ ಹೆಚ್ಚು. ನಿಂತ ತೂಕದ ಲೆಕ್ಕ ಹಾಕಿ ಹಗ್ಗ, ಕೊಕ್ಕೆ, ಕಂಬ ಆರಿಸಿದರೆ ಒಂದಲ್ಲ ಒಂದು ದಿನ ಕೈಕೊಡುತ್ತದೆ.

ಅದರ ಬಲಕ್ಕಿಂತ ಹೆಚ್ಚು ಹೆದರಬೇಕಾದುದು ಅದರ ತಾಳ್ಮೆಗೆ. ಅಮೆರಿಕದ ಒಮಾಹಾ ಮೃಗಾಲಯದಲ್ಲಿ 1968ರಲ್ಲಿ ಫೂ ಮಂಚು ಎಂಬ ಗಂಡು ಪದೇಪದೇ ಹೊರಬರುತ್ತಿತ್ತು. ಪಾಲಕರ ಮರೆವು ಎಂದೇ ಮೊದಲು ಎಲ್ಲರೂ ತಿಳಿದಿದ್ದರು. ಕೊನೆಗೆ ನೋಡಿದರೆ ಅದು ತಂತಿಯ ತುಂಡಿನಿಂದ ಬಾಗಿಲ ಚಿಲಕ ಬಿಡಿಸುತ್ತಿತ್ತು, ಆ ತಂತಿಯನ್ನು ಬಾಯೊಳಗೆ ಅಡಗಿಸಿಟ್ಟುಕೊಳ್ಳುತ್ತಿತ್ತು! ಸ್ಯಾನ್ ಡಿಯೇಗೊದಲ್ಲಿ ಕೆನ್ ಅಲೆನ್ 1985ರಲ್ಲಿ ಮೂರು ಬಾರಿ ಗೋಡೆ ಹತ್ತಿ ಹೊರಬಂತು. ಬೆರಳು ಊರಲು ಎಲ್ಲೆಲ್ಲಿ ಸಂದು ಇದೆ ಎಂದು ಹುಡುಕಲು ಮೃಗಾಲಯದವರು ಬಂಡೆ ಹತ್ತುವ ಪರಿಣತರನ್ನೇ ಕರೆಸಬೇಕಾಯಿತು. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ 2009ರಲ್ಲಿ ಕಾರ್ತಾ ಎಂಬ ಹೆಣ್ಣು ಕೋಲಿನಿಂದ ವಿದ್ಯುತ್ ಬೇಲಿಯನ್ನು ಶಾರ್ಟ್ ಮಾಡಿ, ಕಸಕಡ್ಡಿ ರಾಶಿ ಹಾಕಿ ಗೋಡೆ ಏರಿತು. ಮೇಲೆ ಹೋಗಿ ಸ್ವಲ್ಪ ಹೊತ್ತು ನೋಡಿ, ತಾನಾಗಿಯೇ ಒಳಗೆ ಇಳಿಯಿತು.

ಇವುಗಳಿಂದ ಕಲಿಯುವ ಪಾಠ ಸರಳ. ಬೋಲ್ಟಿನ ನಟ್ಟು ಪ್ರಾಣಿಯ ಕಡೆಗೆ ಇರಬಾರದು, ಇದ್ದರೆ ವೆಲ್ಡಿಂಗ್ ಮಾಡಿರಬೇಕು. ಎತ್ತಿ ಗೋಡೆಗೆ ಆನಿಸಬಹುದಾದ ಮರದ ತುಂಡು ಒಳಗೆ ಬಿದ್ದಿರಬಾರದು. ಬಾಗಿಲು ಎರಡಿರಬೇಕು, ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯಬೇಕು. ಪಾಲಕರು ಒಳಗೆ ಕಾಲಿಡುವ ಮೊದಲು ಪ್ರಾಣಿಗಳನ್ನು ರಾತ್ರಿಯ ಕೋಣೆಗೆ ಕಳಿಸಿ, ಬೀಗ ಹಾಕಿ, ತಲೆ ಎಣಿಸಬೇಕು. ಒರಾಂಗುಟಾನ್ ಈಜುವ ಪ್ರಾಣಿಯಲ್ಲ. ಸುತ್ತ ನೀರಿನ ಕಂದಕ ತೋಡುವುದಾದರೆ ಒಳಗಿನ ದಡ ಇಳಿಜಾರಾಗಿ, ನೀರು ಅಲ್ಲಿ ಆಳವಿಲ್ಲದೆ ಇರಬೇಕು. ಬಿದ್ದರೆ ಹಿಡಿದು ಮೇಲೆ ಬರಲು ಹಗ್ಗವಾದರೂ ಬೇಕು. ಇಲ್ಲದಿದ್ದರೆ ನಮ್ಮನ್ನು ಕಾಯಲು ಮಾಡಿದ ಕಂದಕ ಅದರ ಪ್ರಾಣ ತೆಗೆಯುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲಸ ಅರ್ಧವೇ ಆಯಿತು. ದಿನವಿಡೀ ಮಾಡಲು ಏನೂ ಇಲ್ಲದ ಜಾಣನಿಗೆ ಎದುರಿಗೆ ಉಳಿಯುವ ಒಗಟು ಬಾಗಿಲ ಬೀಗವೊಂದೇ. ಬೇರೆ ಕೆಲಸ ಕೊಟ್ಟರೆ ಗಮನ ಬೀಗದಿಂದ ಆಚೆ ಹೋಗುತ್ತದೆ. ಆದ್ದರಿಂದ ಸುರಕ್ಷತೆ ಒಂದು ಖರ್ಚು, ಪ್ರಾಣಿಯ ಖುಷಿ ಇನ್ನೊಂದು ಖರ್ಚು ಎಂದು ಬೇರೆ ಮಾಡುವುದು ತಪ್ಪು ಲೆಕ್ಕ.

ಕಾಡಿನಲ್ಲಿ ಅದರ ದಿನ ಹೇಗೆ ಹೋಗುತ್ತದೆ ನೋಡಿ. ಬೆಳಿಗ್ಗೆಯಿಂದ ಹಣ್ಣಿನ ಮರ ಹುಡುಕುತ್ತಾ ಕೊಂಬೆಯಿಂದ ಕೊಂಬೆಗೆ ಸಾಗುತ್ತದೆ. ಸಂಜೆ ಎಲೆ, ರೆಂಬೆ ಬಗ್ಗಿಸಿ ಮಲಗಲು ಗೂಡು ಕಟ್ಟುತ್ತದೆ, ಹೆಚ್ಚುಕಡಿಮೆ ಪ್ರತಿ ದಿನ ಹೊಸ ಗೂಡು. ಮರಿ ಏಳೆಂಟು ವರ್ಷ ತಾಯಿಯ ಜೊತೆಗಿದ್ದು ಯಾವ ಹಣ್ಣು ಯಾವಾಗ, ಗೂಡು ಹೇಗೆ ಎಂದು ಕಲಿಯುತ್ತದೆ. ಇಂಥ ಪ್ರಾಣಿಗೆ ಸಿಮೆಂಟಿನ ನೆಲ, ಒಂದು ಟಯರ್ ಉಯ್ಯಾಲೆ ಮತ್ತು ಎರಡು ಹೊತ್ತು ಬಟ್ಟಲು ತುಂಬ ಬಾಳೆಹಣ್ಣು ಕೊಟ್ಟರೆ ಹೊಟ್ಟೆ ತುಂಬುತ್ತದೆ, ಹೊತ್ತು ಹೋಗುವುದಿಲ್ಲ. ಮೇಲಾಗಿ ನಾವು ತಿನ್ನುವ ಹಣ್ಣು ಕಾಡಿನ ಹಣ್ಣಿಗಿಂತ ಸಿಹಿ ಜಾಸ್ತಿ. ಕೂತಲ್ಲೇ ತಿಂದು ಬೊಜ್ಜು ಬೆಳೆಯುತ್ತದೆ.

ಹಾಗಾದರೆ ಏನು ಬೇಕು? ಮೊದಲನೆಯದು ಎತ್ತರ. ನೆಲ ಎಷ್ಟು ಸೆಂಟ್ಸ್ ಎಂಬ ಲೆಕ್ಕ ಇದಕ್ಕೆ ಸಾಲದು, ಮೇಲೆ ಓಡಾಡಲು ದಾರಿ ಎಷ್ಟು ಎಂದು ಕೇಳಬೇಕು. ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ 1995ರಲ್ಲಿ ಸುಮಾರು 15 ಮೀಟರ್ ಎತ್ತರದ ಎಂಟು ಗೋಪುರ ನಿಲ್ಲಿಸಿ, ಅವುಗಳ ನಡುವೆ ಉಕ್ಕಿನ ಕೇಬಲ್ ಎಳೆದರು. ಒರಾಂಗುಟಾನ್‌ಗಳು ಜನರ ತಲೆಯ ಮೇಲಿನಿಂದ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುತ್ತವೆ. ಹೋಗಬೇಕೋ ಬೇಡವೋ ಎಂಬುದು ಅವುಗಳ ಇಷ್ಟ. ಈ ಆಯ್ಕೆಯೇ ಎರಡನೆಯ ಅಗತ್ಯ. ಬಿಸಿಲು ಬೇಕಾದಾಗ ಬಿಸಿಲು, ಬೇಡವಾದಾಗ ನೆರಳು. ಒಬ್ಬರ ಮುಖ ಒಬ್ಬರಿಗೆ ಬೇಡವಾದರೆ ದೂರ ಕೂರಲು ಜಾಗ. ಜನರ ಕಣ್ಣು ಬೇಡವಾದರೆ ಮರೆ. ಮೂರನೆಯದು ಹುಡುಕಿ ತಿನ್ನುವ ಅವಕಾಶ. ತೂತು ಕೊರೆದ ಪೈಪಿನೊಳಗೆ ಜೇನು ಸವರಿ, ಕಡ್ಡಿಯಿಂದ ತೆಗೆಯಲು ಬಿಟ್ಟರೆ ಹತ್ತು ನಿಮಿಷದ ತಿಂಡಿ ಬಹಳ ಹೊತ್ತಿನ ಕೆಲಸವಾಗುತ್ತದೆ.

ಇದಕ್ಕೆಲ್ಲ ಕೋಟಿ ಬೇಕಿಲ್ಲ. ಬೇರೆ ದೇಶಗಳ ಮೃಗಾಲಯಗಳಲ್ಲಿ ಹಳೆಯ ಅಗ್ನಿಶಾಮಕ ಪೈಪನ್ನು ಹೆಣೆದು ತೂಗುಮಂಚ ಮಾಡುತ್ತಾರೆ. ಗೋಣಿಚೀಲ ಕೊಟ್ಟರೆ ಒರಾಂಗುಟಾನ್ ಮಳೆಗೆ, ಬಿಸಿಲಿಗೆ ತಲೆಯ ಮೇಲೆ ಹೊದ್ದುಕೊಳ್ಳುತ್ತದೆ, ರಾತ್ರಿ ಹಾಸಿಕೊಳ್ಳುತ್ತದೆ. ನಮ್ಮ ಅಂಗಡಿಗಳ ಹಿಂದೆ ರಾಶಿ ಬೀಳುವ ಗೋಣಿಗೆ ಅಲ್ಲಿ ಅಷ್ಟು ಬೆಲೆ. ದುಬಾರಿಯಾದದ್ದು ಪಾಲಕರ ಸಮಯ. ದಿನವೂ ಒಗಟು ಬದಲಾಯಿಸಲು, ಸವೆದ ಹಗ್ಗದಲ್ಲಿ ಬೆರಳು ಸಿಕ್ಕಿಕೊಳ್ಳದಂತೆ ನೋಡಲು, ಹಸಿ ಸೊಪ್ಪು ತರಲು ಜನ ಬೇಕು. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಫಲಕದಲ್ಲಿ ಹೆಸರು ಬರುತ್ತದೆ. ಪಾಲಕರ ಸಂಬಳಕ್ಕೆ, ತರಬೇತಿಗೆ ಫಲಕ ಇಲ್ಲ. ನನ್ನ ಪ್ರಕಾರ ಪ್ರಾಣಿಯನ್ನು ತರಿಸುವ ಮೊದಲು ಈ ನಿತ್ಯದ ಖರ್ಚನ್ನು ತೆಗೆದಿಡಬೇಕು.

"ಮನುಷ್ಯರಿಗೇ ಇಲ್ಲದ ಕಾಲದಲ್ಲಿ ಮಂಗನಿಗೆ ಇಷ್ಟೆಲ್ಲ ಯಾಕೆ?" ಎಂದು ಕೇಳುವವರಿದ್ದಾರೆ. ಬೆಕ್ಕನ್ನು ಕೂಡಿಹಾಕಿದ ಹೆಂಗಸಿನ ಹದೀಸನ್ನು ಮದ್ರಸದಲ್ಲಿ ನಾವೆಲ್ಲರೂ ಕೇಳಿದ್ದೇವೆ. ಅದರಲ್ಲಿ ಆಕೆಯ ತಪ್ಪು ಎರಡು: ತಾನು ಉಣಿಸಲಿಲ್ಲ, ಅದು ತಾನಾಗಿ ಹುಡುಕಿ ತಿನ್ನಲೂ ಬಿಡಲಿಲ್ಲ. ಮೊದಲನೆಯದು ನಮಗೆ ನೆನಪಿರುತ್ತದೆ. ಎರಡನೆಯದರ ಬಗ್ಗೆ ಮೃಗಾಲಯದ ಎದುರು ನಿಂತಾಗ ಯೋಚಿಸಬೇಕು.

ಇನ್ನು ಕೆಲವರು, ದೂರದ ಕಾಡಿನ ಪ್ರಾಣಿಯನ್ನು ಇಲ್ಲಿಗೆ ತರುವುದೇ ತಪ್ಪು ಎನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಬೋರ್ನಿಯೊ, ಸುಮಾತ್ರಾಗಳಲ್ಲಿ ಅದರ ಕಾಡೂ ಕರಗುತ್ತಿದೆ. ಒರಾಂಗುಟಾನಿನ ಮೂರೂ ಜಾತಿಗಳು ಅಳಿವಿನ ಅಂಚಿನಲ್ಲಿವೆ. ಆ ಕಾಡು ಕಡಿದ ಕಾರಣಗಳಲ್ಲಿ ತಾಳೆ ಎಣ್ಣೆಯ ತೋಟವೂ ಒಂದು. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡುವ ದೇಶ ನಮ್ಮದು. ನಮ್ಮ ಅಂಗಡಿಯಲ್ಲಿ ಪಾಮೋಲಿನ್ ಪ್ಯಾಕೆಟ್ ಮಾರುತ್ತೇವೆ, ನಮ್ಮವರ ಬೇಕರಿಗಳಲ್ಲೂ ಅದು ಬಳಕೆಯಾಗುತ್ತದೆ. ಹೀಗಿರುವಾಗ ಆ ಪ್ರಾಣಿಗೂ ನಮಗೂ ಸಂಬಂಧವಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಇಲ್ಲಿಗೆ ಬಂದು ಸೇರಿದ ಕೆಲವನ್ನಾದರೂ ಸರಿಯಾಗಿ ಇಟ್ಟುಕೊಳ್ಳುವುದು ನಮ್ಮ ಹೊಣೆ.

ಆ ಹೊಣೆಯಲ್ಲಿ ಕುಟುಂಬಗಳ ಪಾಲೂ ಇದೆ. ಮುಂದಿನ ಸಲ ಮೈಸೂರಿಗೆ ಹೋದಾಗ ಗಾಜು ತಟ್ಟಬೇಡಿ, ಕೂಗಿ ಕರೆಯಬೇಡಿ. ಮೃಗಾಲಯದ ಪ್ರಾಣಿಯನ್ನು ಕೆಣಕುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಕಲಮಿನ ಪ್ರಕಾರ ಅಪರಾಧ. ತಿನ್ನಲು ಏನನ್ನೂ ಎಸೆಯಬೇಡಿ. ಶೀತ, ಕೆಮ್ಮು ಇರುವ ಮಕ್ಕಳನ್ನು ಹತ್ತಿರ ಬಿಡಬೇಡಿ, ನಮ್ಮ ಶ್ವಾಸದ ಕಾಯಿಲೆಗಳು ಅವಕ್ಕೂ ಅಂಟುತ್ತವೆ. ಫೋಟೊ ತೆಗೆದು ಓಡುವ ಬದಲು ಕಾಲು ಗಂಟೆ ನಿಲ್ಲಿ. ಒರಾಂಗುಟಾನ್ ಎಷ್ಟು ಎತ್ತರಕ್ಕೆ ಹೋಯಿತು, ಕೈಯಲ್ಲಿ ಏನು ಹಿಡಿದಿತ್ತು, ಒಂದೇ ದಾರಿಯಲ್ಲಿ ಹಿಂದೆ ಮುಂದೆ ಸುತ್ತುತ್ತಿದೆಯೋ ಬೇರೆ ಬೇರೆ ಕೆಲಸ ಮಾಡುತ್ತಿದೆಯೋ ಎಂದು ಮಕ್ಕಳಿಗೆ ಗಮನಿಸಲು ಹೇಳಿ. ಅಲ್ಲಿಯ ಪಾಲಕರು ಸಿಕ್ಕರೆ ಇವತ್ತು ಅದಕ್ಕೆ ಏನು ಹೊಸದು ಕೊಟ್ಟಿರಿ ಎಂದು ಮರ್ಯಾದೆಯಿಂದ ಕೇಳಿ. ನೋಡಲು ಬಂದವರು ಈ ಪ್ರಶ್ನೆ ಕೇಳುತ್ತಾರೆ ಎಂದು ಗೊತ್ತಾದರೆ ಮೃಗಾಲಯವೂ ಅದಕ್ಕೆ ಉತ್ತರ ಸಿದ್ಧ ಮಾಡಿಕೊಳ್ಳುತ್ತದೆ.

ಒಂದು ವೇಳೆ ನೀವು ಹೋದ ಹೊತ್ತಿಗೆ ಅದು ಎಲೆಯ ಮರೆಯಲ್ಲಿ ಕೂತು ಮುಖವನ್ನೇ ತೋರಿಸದಿದ್ದರೆ, ಟಿಕೆಟಿನ ದುಡ್ಡು ದಂಡವಾಯಿತು ಎನ್ನಬೇಡಿ. ಮರೆಯಾಗಿ ಕೂರಲು ಅದಕ್ಕೊಂದು ಜಾಗ ಇದೆ ಎಂದಾದರೆ ಆ ಆವರಣ ಕಟ್ಟಿದವರಿಗೆ ತಮ್ಮ ಕೆಲಸ ಗೊತ್ತಿತ್ತು ಎಂದೇ ಅರ್ಥ.