ಕುಂದಿನೊಳಗಣ ಕಾಣ್ಕೆ: ಅಗ್ಗದ ಭಯಾನಕ ಚಿತ್ರಗಳನ್ನು ಓದುವ ಬಗೆ

ಕನ್ನಡದಲ್ಲಿ ಸಿನಿಮಾವನ್ನು ಕುರಿತ ಶೈಕ್ಷಣಿಕ ಚರ್ಚೆ ಬಹುಮಟ್ಟಿಗೆ ಎರಡು ನೆಲೆಗಳಲ್ಲಿ ನಡೆದಿದೆ. 'ಸಂಸ್ಕಾರ' (1970), 'ಘಟಶ್ರಾದ್ಧ' (1977) ಮೊದಲಾದ ಹೊಸ ಅಲೆಯ ಚಿತ್ರಗಳನ್ನು ನವ್ಯ ಸಾಹಿತ್ಯದ ವಿಸ್ತರಣೆಯೆಂದು ಓದುವುದು ಒಂದು ನೆಲೆ. ರಾಜಕುಮಾರ್ ಅವರ ಚಿತ್ರಗಳನ್ನು ಕನ್ನಡ ಅಸ್ಮಿತೆಯ ಪಠ್ಯಗಳೆಂದು ಓದುವುದು ಇನ್ನೊಂದು. ಈ ಎರಡರ ಹೊರಗೆ ಉಳಿದ ಚಿತ್ರರಾಶಿಯೊಂದಿದೆ. ಕಡಿಮೆ ಬಂಡವಾಳದಲ್ಲಿ, ಅವಸರದಲ್ಲಿ, ಪ್ರೇಕ್ಷಕನನ್ನು ಹೆದರಿಸುವುದಷ್ಟೇ ಗುರಿಯೆಂಬಂತೆ ತಯಾರಾದ ದೆವ್ವ, ಕೊಲೆ, ನಿಗೂಢತೆಗಳ ಚಿತ್ರಗಳು ಅವು. ಇವುಗಳಲ್ಲಿ ಕುಂದುಗಳಿವೆ ಎಂಬುದು ವಾದಿಸಿ ತೋರಿಸಬೇಕಾದ ಸಂಗತಿಯಲ್ಲ. ಆ ಕುಂದುಗಳು ಏನನ್ನು ಕಾಣಿಸುತ್ತವೆ ಎಂಬುದೇ ಇಲ್ಲಿನ ಪ್ರಶ್ನೆ.

ಕಳೆದ ಶತಮಾನದ ಅರವತ್ತು, ಎಪ್ಪತ್ತರ ದಶಕಗಳ ಐರೋಪ್ಯ ಭಯಾನಕ ಚಿತ್ರಗಳು ಈ ಪ್ರಶ್ನೆಗೆ ಒಳ್ಳೆಯ ಪೀಠಿಕೆಯಾಗುತ್ತವೆ. ಇಟಲಿಯ ಮಾರಿಯೋ ಬಾವಾ, ಸ್ಪೇನಿನ ಜೆಸ್ ಫ್ರಾಂಕೊ, ಫ್ರಾನ್ಸಿನ ಜಾಂ ರೋಲಾಂ ಮೊದಲಾದವರು ಅಲ್ಪ ಹಣದಲ್ಲಿ ರಕ್ತಪಿಶಾಚಿಗಳ, ಮಾಟಗಾತಿಯರ ಚಿತ್ರಗಳನ್ನು ತೆಗೆದರು. ಹಗಲಲ್ಲಿ ಚಿತ್ರಿಸಿ ಇರುಳೆಂದು ತೋರಿಸುವುದು, ತುಟಿಗೆ ಹೊಂದದ ಮಾತು, ಕಾರಣವಿಲ್ಲದೆ ಮುನ್ನುಗ್ಗುವ ಕ್ಯಾಮೆರಾ, ಕಥೆಯ ಎಳೆಯೇ ಕಡಿದುಹೋಗುವ ಸಂಕಲನ, ಇವೆಲ್ಲ ಈ ಬಗೆಯ ಚಿತ್ರಗಳ ಗುರುತುಗಳಾದವು. ಆದರೆ ಈ ದೋಷಗಳ ಹಿಂದೆ ಆರ್ಥಿಕ, ರಾಜಕೀಯ ಕಾರಣಗಳಿದ್ದವು. ಸರ್ವಾಧಿಕಾರಿ ಫ್ರಾಂಕೊನ ಆಳ್ವಿಕೆಯಲ್ಲಿ ಸ್ಪೇನಿನ ಸೆನ್ಸಾರ್ ಮಂಡಳಿ, ತೋಳಮಾನವನು ಸ್ಪೇನಿನವನಾಗಿರುವುದನ್ನು ಒಪ್ಪಲಿಲ್ಲ. ಹಾಗಾಗಿ 1968ರಲ್ಲಿ ಪಾಲ್ ನಾಶ್ಚಿ ಸೃಷ್ಟಿಸಿದ ತೋಳಮಾನವ ವಾಲ್ಡೆಮಾರ್ ಡನಿನ್ಸ್ಕಿ ಎಂಬ ಪೋಲೆಂಡಿನವನಾದ. ಒಂದೇ ಚಿತ್ರಕ್ಕೆ ಸ್ವದೇಶಕ್ಕೆಂದು ಬಟ್ಟೆ ತೊಟ್ಟ ಆವೃತ್ತಿ, ರಫ್ತಿಗೆಂದು ಬತ್ತಲೆಯ ಆವೃತ್ತಿ ಸಿದ್ಧವಾಗುವುದೂ ಅಲ್ಲಿ ರೂಢಿಯಲ್ಲಿತ್ತು. ಪ್ರಭುತ್ವವೊಂದು ತನ್ನ ನೆಲದಲ್ಲಿ ಕೇಡು ಹುಟ್ಟುವುದಿಲ್ಲವೆಂದು ನಂಬಿಸಲು ಹೊರಟಾಗ ಕೇಡಿಗೆ ಪರದೇಶದ ಹೆಸರು ಬೇಕಾಗುತ್ತದೆ. ಈ ಸತ್ಯವನ್ನು ಹೇಳಿಬಿಟ್ಟದ್ದು ಗಂಭೀರ ಕಲಾಕೃತಿಯಲ್ಲ, ಅಗ್ಗದ ತೋಳಮಾನವ.

ಭಾರತೀಯ ಕಾವ್ಯಮೀಮಾಂಸೆಗೆ ಈ ಸಮಸ್ಯೆ ಅಪರಿಚಿತವೇನಲ್ಲ. ಭರತನು ಭಯಾನಕವನ್ನು ಎಂಟು ರಸಗಳಲ್ಲಿ ಒಂದಾಗಿ ಎಣಿಸಿದ. ಅಭಿನವಗುಪ್ತನು ರಸಪ್ರತೀತಿಗೆ ಅಡ್ಡಿಯಾಗುವ ಏಳು ವಿಘ್ನಗಳನ್ನು ಹೇಳುವಾಗ ಸಂಭಾವ್ಯತೆಯ ಅಭಾವವನ್ನು ಮೊದಲಿಗೇ ಇಟ್ಟ. ಯಾವುದೇ ರಸದ ಆಭಾಸವು ಹಾಸ್ಯಕ್ಕೆ ಎಡೆಗೊಡುತ್ತದೆ ಎಂಬುದೂ ಅವನ ಮಾತೇ. ದೆವ್ವ ಬಂದಾಗ ಪ್ರೇಕ್ಷಾಗೃಹ ನಗುವುದೇಕೆಂಬುದಕ್ಕೆ ಇಷ್ಟು ವಿವರಣೆ ಸಾಕು. ಆದರೆ ನಕ್ಕ ಪ್ರೇಕ್ಷಕನೇ ಮನೆಗೆ ಹೋಗುವ ಕತ್ತಲ ದಾರಿಯಲ್ಲಿ ಹಿಂತಿರುಗಿ ನೋಡುತ್ತಾನೆ. ರಸ ಭಂಗವಾದ ಮೇಲೂ ಉಳಿಯುವ ಈ ಅಳುಕು ಚಿತ್ರದ ಕೌಶಲದಿಂದ ಹುಟ್ಟಿದ್ದಲ್ಲ. ಪ್ರೇಕ್ಷಕನ ಲೋಕದಲ್ಲಿ ಮೊದಲೇ ಇದ್ದು, ಚಿತ್ರದ ಬಿರುಕಿನಿಂದ ಹೊರಬಂದದ್ದು.

ಕನ್ನಡದ ಉದಾಹರಣೆಗಳು ಇದನ್ನು ಸ್ಪಷ್ಟಪಡಿಸುತ್ತವೆ. ಕಾಶಿನಾಥ್ ಅವರ 'ಅಪರಿಚಿತ' (1978) ಹೆಚ್ಚಿನ ಸಲಕರಣೆಗಳಿಲ್ಲದೆ ನಿಗೂಢತೆಯನ್ನು ಕಟ್ಟಿತು. ಉಪೇಂದ್ರ ಅವರ 'ಶ್!' (1993) ಸಿನಿಮಾ ಚಿತ್ರೀಕರಣವನ್ನೇ ಭಯದ ಕಥೆಯೊಳಕ್ಕೆ ತಂದಿತು. 2013ರ '6-5=2' ಅಮೆರಿಕದ 'ದ ಬ್ಲೇರ್ ವಿಚ್ ಪ್ರಾಜೆಕ್ಟ್' (1999) ತೋರಿದ ದಾರಿಯಲ್ಲಿ, ಚಾರಣಿಗರ ಕ್ಯಾಮೆರಾದಲ್ಲಿ ದೊರೆತ ದೃಶ್ಯಗಳೆಂಬ ನೆವದಿಂದ ಅಲುಗುವ, ಮಸುಕಾದ ಚಿತ್ರಿಕೆಯನ್ನೇ ತನ್ನ ಶೈಲಿಯಾಗಿಸಿಕೊಂಡಿತು. ಬಡತನವೇ ಇಲ್ಲಿ ವಾಸ್ತವದ ಪ್ರಮಾಣಪತ್ರವಾಯಿತು.

ಇವೆಲ್ಲಕ್ಕಿಂತ ಹೆಚ್ಚು ಚರ್ಚೆಗೆ ಅರ್ಹವಾದುದು ವಿಜಯ್ ನಿರ್ದೇಶನದ 'ನಾ ನಿನ್ನ ಬಿಡಲಾರೆ' (1979). ಅನಂತನಾಗ್, ಲಕ್ಷ್ಮಿ ನಟಿಸಿದ ಈ ಮುಖ್ಯಧಾರೆಯ ಚಿತ್ರವನ್ನು ಅಗ್ಗದ ಚಿತ್ರವೆಂದು ಕರೆಯಲಾಗದು. ಆದರೂ ಕನ್ನಡದ ದೆವ್ವದ ಕಥೆಗೆ ಒಂದು ಅಚ್ಚನ್ನು ಒದಗಿಸಿದ್ದು ಇದೇ. ಕಾಮಿನಿ ಎಂಬ ಹೆಣ್ಣಿನ ಪ್ರೇತ ನಾಯಕನ ಮೈಯನ್ನು ಹೊಗುತ್ತದೆ. ಪತ್ನಿಯ ನಿಷ್ಠೆ ಮತ್ತು ರಾಘವೇಂದ್ರಸ್ವಾಮಿಗಳ ಕೃಪೆಯಿಂದ ಅವನು ಪಾರಾಗುತ್ತಾನೆ. ಗಂಡಿನ ಮೈಯಲ್ಲಿ ಹೆಣ್ಣಿನ ಬಯಕೆ ಮಾತನಾಡುವುದು ಆ ಕಾಲದ ಸಾಂಸಾರಿಕ ಚಿತ್ರಗಳಲ್ಲಿ ಊಹಿಸಲಾಗದ ಸನ್ನಿವೇಶ. ದೆವ್ವದ ನೆವದಲ್ಲಿ ಅದು ಸಾಧ್ಯವಾಯಿತು. ಬಯಸುವ ಹೆಣ್ಣು ದೆವ್ವವಾಗಿ, ಕಾಯುವ ಹೆಣ್ಣು ದೇವತೆಯಾಗಿ ಇಬ್ಭಾಗವಾದ ಬಗೆಯೂ ಅಷ್ಟೇ ನಿಚ್ಚಳವಾಗಿ ಬಯಲಾಯಿತು.

ಈ ಇಬ್ಭಾಗ ಸಹಜವೂ ಅಲ್ಲ, ಸಾರ್ವತ್ರಿಕವೂ ಅಲ್ಲ ಎಂಬುದನ್ನು ತುಳುನಾಡಿನಿಂದ ನೋಡಿದಾಗ ಅರಿಯಬಹುದು. ಘಟ್ಟದ ಮೇಲಣ ಕನ್ನಡದಲ್ಲಿ 'ಭೂತ' ಎಂದರೆ ಓಡಿಸಬೇಕಾದ ಪಿಶಾಚಿ. ಕರಾವಳಿಯಲ್ಲಿ ಅದು ಕರೆದು ಕೂರಿಸಿ ನ್ಯಾಯ ಕೇಳಬೇಕಾದ ದೈವ. ಅಣ್ಣ ಕಲ್ಕುಡನಿಗೆ ಅರಸನು ಮಾಡಿದ ಅನ್ಯಾಯದ ವಿರುದ್ಧ ಕೆರಳಿದ ಕಲ್ಲುರ್ಟಿ ಇಲ್ಲಿ ಆರಾಧನೆ ಪಡೆಯುತ್ತಾಳೆ. ಮದುವೆಯಾಗದೆ ತೀರಿಹೋದವರಿಗೆ ಆಟಿ ತಿಂಗಳಲ್ಲಿ 'ಕುಲೆ ಮದಿಮೆ' ಮಾಡಿಸುವ ಪದ್ಧತಿಯಿದೆ. ಸತ್ತವಳ ಬಯಕೆಯನ್ನು ಸಿನಿಮಾ ಉಚ್ಚಾಟಿಸಿದರೆ, ಈ ಜನಪದವು ಅವಳಿಗೊಂದು ಸಂಸಾರವನ್ನೇ ಹೂಡಿಕೊಡುತ್ತದೆ. 'ರಂಗಿತರಂಗ' (2015) ಕರಾವಳಿಯ ಭೂತದ ವೇಷವನ್ನು ನಿಗೂಢತೆಗಾಗಿ ಬಳಸಿತು. 'ಕಾಂತಾರ' (2022) ದೈವವನ್ನು ನೆಲದ ಹಕ್ಕಿನ ಪ್ರಶ್ನೆಯೊಂದಿಗೆ ಬೆಸೆಯಿತು. ಈ ಎರಡರ ನಡುವಿನ ಅಂತರವನ್ನು ತಂತ್ರಜ್ಞಾನದ ಬೆಳವಣಿಗೆಯಿಂದಷ್ಟೇ ಅಳೆಯಲಾಗದು. ಒಂದೇ ಪದದ ಎರಡು ಅರ್ಥಗಳ ನಡುವಿನ ಹೋರಾಟವೂ ಅದರಲ್ಲಿದೆ.

ಇಲ್ಲಿ ಒಂದು ಎಚ್ಚರ ಅಗತ್ಯ. ಕುಂದಿಗೆ ಸೊಗಸಿದೆ ಎಂಬ ಮಾತು ಸುಲಭವಾಗಿ ಕ್ಷಮಾಪತ್ರವಾಗಿಬಿಡುತ್ತದೆ. ಪಾಶ್ಚಾತ್ಯ ಅಭಿಮಾನಿ ವಲಯಗಳಲ್ಲಿ ಹಾಗೆ ಆದದ್ದೂ ಉಂಟು. ಹೆಣ್ಣಿನ ಮೈಯನ್ನು ಸರಕಾಗಿಸಿದ ದೃಶ್ಯವನ್ನು 'ಕಾವ್ಯಾತ್ಮಕ' ಎಂದು ಕರೆದು ಮುಂದೆ ಸಾಗಲಾಯಿತು. ತಂತಿಯಿಂದ ತೂಗುವ ಬಾವಲಿಯ ಕುಂದು ಬೇರೆ, ಮಂತ್ರವಾದಿಯನ್ನು ಸದಾ ಕೆಳಜಾತಿಯ ಅಥವಾ ಅಡವಿಯ ಮನುಷ್ಯನಾಗಿಯೇ ಚಿತ್ರಿಸುವ ಕುಂದು ಬೇರೆ. ಮೊದಲನೆಯದು ಬಂಡವಾಳದ ಕೊರತೆ, ಎರಡನೆಯದು ದೃಷ್ಟಿಯ ಕೊರತೆ. ಮೊದಲನೆಯದನ್ನು ಕಂಡು ನಗಬಹುದು, ಮೆಚ್ಚಲೂಬಹುದು. ಎರಡನೆಯದಕ್ಕೆ ಲೆಕ್ಕ ಕೇಳಲೇಬೇಕು. ಇವುಗಳನ್ನು ಬೇರ್ಪಡಿಸಿ ಓದುವ ಹೊಣೆ ಅಭಿಮಾನಿಯದಲ್ಲ, ಸಂಶೋಧಕರದು. ಜನಪ್ರಿಯವೆಂದು ತಳ್ಳಿಹಾಕುವ ವಿಮರ್ಶೆಯೂ ಜನಪ್ರಿಯವೆಂದೇ ಅಪ್ಪಿಕೊಳ್ಳುವ ಸಾಂಸ್ಕೃತಿಕ ಅಧ್ಯಯನವೂ ಈ ಹೊಣೆಯಿಂದ ನುಣುಚಿಕೊಳ್ಳುತ್ತವೆ.

ಓದಬೇಕಾದರೆ ಚಿತ್ರಗಳು ಉಳಿದಿರಬೇಕು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ (1934) ಪ್ರತಿಯೇ ಉಳಿದಿಲ್ಲ. ಅಂಥ ಗೌರವದ ಸ್ಥಾನವಿದ್ದ ಚಿತ್ರದ ಗತಿಯೇ ಹೀಗಾದರೆ, ಯಾರೂ ಮಾನ್ಯ ಮಾಡದ ದೆವ್ವದ ಚಿತ್ರಗಳ ಪಾಡೇನು? ಪ್ರಶಸ್ತಿ ಪಡೆದವನ್ನು ಸಂಸ್ಥೆಗಳು ಕಾಯುತ್ತವೆ, ಹಣ ಗಳಿಸಿದವನ್ನು ಮಾರುಕಟ್ಟೆ ಕಾಯುತ್ತದೆ. ಇವೆರಡೂ ಅಲ್ಲದವು ಭಿತ್ತಿಪತ್ರ, ಹಾಡಿನ ಪುಸ್ತಿಕೆಗಳ ಸಮೇತ ಅಳಿಯುತ್ತವೆ.

ಸಂಖ್ಯೆಯಾಗಲಿ, ದೊಡ್ಡ ಮಾರುಕಟ್ಟೆಯಾಗಲಿ ಇಲ್ಲದ ಸಂಸ್ಕೃತಿಯೊಂದು ತನ್ನನ್ನು ತಾನೇ ಉಳಿಸಿಕೊಳ್ಳಬಲ್ಲದು ಎಂಬುದಕ್ಕೆ ಮಂಗಳೂರಿನ ಶಕ್ತಿನಗರ ನಿದರ್ಶನ ಒದಗಿಸುತ್ತದೆ. ಮಾಂಡ್ ಸೊಭಾಣ್ ಸಂಸ್ಥೆಯು ಅಲ್ಲಿನ ಕಲಾಂಗಣದಲ್ಲಿ 2002ರಲ್ಲಿ ಕೊಂಕಣಿಯ ತಿಂಗಳ ರಂಗಸರಣಿಯನ್ನು ಆರಂಭಿಸಿತು. ಅದೇ ಬಡಾವಣೆಯಲ್ಲಿ 2009ರಲ್ಲಿ ವಿಶ್ವ ಕೊಂಕಣಿ ಕೇಂದ್ರ ಉದ್ಘಾಟನೆಗೊಂಡಿತು. ಯಾವ ಪ್ರಯೋಗ ಶ್ರೇಷ್ಠವೆಂಬ ತೀರ್ಮಾನಕ್ಕೆ ಕಾಯದೆ ಪ್ರತಿ ತಿಂಗಳೂ ವೇದಿಕೆ ಒದಗಿಸುವುದು ಆ ರಂಗಸರಣಿಯ ಕ್ರಮ. ಕನ್ನಡ ವಿಭಾಗಗಳು ಅದರಿಂದ ಕಲಿಯಬೇಕಾದದ್ದು ಈ ಶಿಸ್ತನ್ನು. ಮೊದಲು ಕೂಡಿಡುವುದು, ಬೆಲೆ ಕಟ್ಟುವುದು ಆಮೇಲೆ.

ಹಸ್ತಪ್ರತಿಗಳ ಸಂಗ್ರಹದಲ್ಲಿ ಕನ್ನಡ ವಿದ್ವತ್ತು ಈ ಕ್ರಮವನ್ನು ಅನುಸರಿಸಿದೆ. ಲಿಪಿಕಾರನ ತಪ್ಪುಗಳಿರುವ ಓಲೆಗರಿಯನ್ನು ಯಾವ ಸಂಪಾದಕನೂ ಎಸೆಯುವುದಿಲ್ಲ. ಆ ತಪ್ಪಿನಿಂದಲೇ ಪ್ರತಿಯ ಕಾಲ, ಪ್ರದೇಶ, ಉಚ್ಚಾರಣೆಗಳನ್ನು ಊಹಿಸುತ್ತಾನೆ. ತುಟಿಗೆ ಹೊಂದದ ಸಂಭಾಷಣೆ, ಬಿಸಿಲಲ್ಲಿ ಬೀಳುವ ಇರುಳಿನ ನೆರಳು, ಅರ್ಧಕ್ಕೆ ಕಡಿದ ಕಥೆ ಇವೂ ಅಂಥ ಸ್ಖಾಲಿತ್ಯಗಳೇ. ಗ್ರಂಥಸಂಪಾದನೆಯಲ್ಲಿ ಪಳಗಿದ ಕಣ್ಣು ಅವುಗಳ ಕಡೆಗೂ ಹೊರಳುವುದಾದರೆ, ಕನ್ನಡ ಸಮಾಜ ಯಾವುದಕ್ಕೆ, ಯಾರಿಗೆ, ಏಕೆ ಅಂಜಿತೆಂಬ ಚರಿತ್ರೆಯನ್ನು ಬರೆಯಲು ಸಾಮಗ್ರಿ ದೊರೆತೀತು.