ಖಾಲಿ ಬಿಟ್ಟ ಜಾಗ ಸೊನ್ನೆಯಲ್ಲ



ಷೇರು, ಸಾಲದ ಬಾಕಿ, ಅಡಿಕೆ ಮಾರಾಟದ ಪಟ್ಟಿ ಇವುಗಳನ್ನು ಸದಸ್ಯರು ನಮ್ಮ ಸಂಘದ ಜಾಲತಾಣದಲ್ಲಿ ಮನೆಯಿಂದಲೇ ನೋಡಿಕೊಳ್ಳುವ ಏರ್ಪಾಡು ಈಗಾಗಲೇ ಇದೆ. ಅದರೊಳಗೆ ಒಂದು ಸಮೀಕ್ಷಾ ಫಾರಂ ಸೇರಿಸಿ, ಮಳೆಗಾಲಕ್ಕೆ ಮೊದಲು ಯಾರಿಗೆ ಎಷ್ಟು ಮೈಲುತುತ್ತ ಬೇಕು, ಹಿಂದಿನ ಸಾಲಿನಲ್ಲಿ ಕೊಳೆರೋಗದಿಂದ ಎಷ್ಟು ನಷ್ಟವಾಯಿತು ಎಂಬುದನ್ನು ಸದಸ್ಯರಿಂದಲೇ ತಿಳಿಯಬೇಕೆಂಬ ಸಲಹೆ ಈಗ ಆಡಳಿತ ಮಂಡಳಿಯ ಮುಂದಿದೆ. ಸಲಹೆ ಒಳ್ಳೆಯದೇ. ನಾನು ಅದರ ಪರವಾಗಿಯೇ ಇದ್ದೇನೆ. ಆದರೆ ಫಾರಂ ತಯಾರಾಗುವ ಮೊದಲು ಒಂದು ಮಾತನ್ನು ಹೇಳದೆ ಇರಲಾರೆ.

ಹಿಂದೊಮ್ಮೆ ಬೇರೊಂದು ಕಡೆಯಿಂದ ಇಂಥದೇ ಒಂದು ಸಮೀಕ್ಷೆ ನನ್ನ ಫೋನಿಗೆ ಬಂದಿತ್ತು. ನನ್ನದು ಒಂದೂವರೆ ಎಕರೆ ಅಡಿಕೆ ತೋಟ. ಮರಗಳಿಗೆ ಕಾಳುಮೆಣಸು ಹಬ್ಬಿದೆ, ನೆರಳಿನಲ್ಲಿ ಕಾಫಿ ಗಿಡಗಳಿವೆ. ಫಾರಂನಲ್ಲಿ ಒಂದು ಜಮೀನಿಗೆ ಒಂದೇ ಬೆಳೆ ಆರಿಸಲು ಅವಕಾಶ. ಅಡಿಕೆ ಎಂದು ಒತ್ತಿದೆ. ಮೆಣಸೂ ಕಾಫಿಯೂ ಲೆಕ್ಕದಿಂದ ಮಾಯವಾದವು. ವಿಸ್ತೀರ್ಣವನ್ನು ಹೆಕ್ಟೇರಿನಲ್ಲಿ ಕೇಳಿದ್ದರು. ಅಂದಾಜಿಗೆ ಒಂದು ಅಂಕಿ ಬರೆದೆ. ಮುಂದಿನ ಪ್ರಶ್ನೆ, ಕೊಳೆಯಿಂದಾದ ನಷ್ಟ ಎಷ್ಟು ಕ್ವಿಂಟಾಲ್ ಎಂದು. ಆಗಿನ್ನೂ ಕೊಯ್ಲು ಮುಗಿದಿರಲಿಲ್ಲ, ನಷ್ಟದ ಲೆಕ್ಕ ಸಿಕ್ಕಿರಲಿಲ್ಲ. ಖಾಲಿ ಬಿಟ್ಟರೆ ಫಾರಂ ಮುಂದೆ ಹೋಗಲೊಲ್ಲದು. ಬೇಸತ್ತು ಸೊನ್ನೆ ಹಾಕಿ ಕಳುಹಿಸಿದೆ. ಮರದ ಬುಡದಲ್ಲಿ ಕೊಳೆತ ಕಾಯಿ ರಾಶಿ ಬಿದ್ದಿದ್ದರೂ ಅವರ ಲೆಕ್ಕದಲ್ಲಿ ನಾನು ನಷ್ಟವೇ ಆಗದ ಬೆಳೆಗಾರ! ಸುಳ್ಳು ಹೇಳಬೇಕೆಂಬ ಆಸೆ ನನಗಿರಲಿಲ್ಲ. ಫಾರಂ ನನ್ನಿಂದ ಸುಳ್ಳು ಹೇಳಿಸಿತು.

ನಾನು ಹೇಳಬೇಕಾದ ಮಾತು ಇಷ್ಟೇ. ಖಾಲಿ ಬಿಟ್ಟ ಜಾಗ ಬೇರೆ, ಸೊನ್ನೆ ಬೇರೆ, 'ಗೊತ್ತಿಲ್ಲ' ಎಂಬುದು ಇನ್ನೂ ಬೇರೆ. ಈ ಮೂರನ್ನೂ ಕಂಪ್ಯೂಟರು ಬೇರೆಬೇರೆಯಾಗಿಯೇ ಇಟ್ಟುಕೊಳ್ಳುವಂತೆ ಮಾಡುವುದು ಕಷ್ಟದ ಕೆಲಸವೇನಲ್ಲ. ಹಾಗೆ ಮಾಡಿರೆಂದು ಕೆಲಸ ವಹಿಸುವಾಗಲೇ ಹೇಳಬೇಕು. ಸದಸ್ಯತ್ವ ಸಂಖ್ಯೆಯೊಂದನ್ನು ಬಿಟ್ಟು ಬೇರಾವ ಪ್ರಶ್ನೆಯನ್ನೂ ಕಡ್ಡಾಯ ಮಾಡಬಾರದು. ಪ್ರತಿ ಪ್ರಶ್ನೆಯ ಕೆಳಗೆ 'ಗೊತ್ತಿಲ್ಲ' ಎಂಬ ಗುಂಡಿ ಇರಬೇಕು.

ಎರಡನೆಯದಾಗಿ, ನಾವು ಅಳೆಯುವ ಅಳತೆಯಲ್ಲೇ ಕೇಳಬೇಕು. 40 ಗುಂಟೆಗೆ ಒಂದು ಎಕರೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಒಂದು ಹೆಕ್ಟೇರ್ ಎಂದರೆ ಸುಮಾರು 2 ಎಕರೆ 19 ಗುಂಟೆ ಎಂಬುದನ್ನು ನೆನಪಿಟ್ಟವರು ಕಡಿಮೆ. ಎಕರೆ-ಗುಂಟೆಯಲ್ಲಿ ಬರೆಸಿಕೊಂಡು ಹೆಕ್ಟೇರಿಗೆ ತಿರುಗಿಸುವ ಕೆಲಸವನ್ನು ಕಂಪ್ಯೂಟರಿಗೇ ಬಿಡಬಹುದು. ಮೈಲುತುತ್ತದ ವಿಷಯವೂ ಹೀಗೆಯೇ. ಎಷ್ಟು ಕಿಲೋ ಬೇಕೆಂದು ಕೇಳಿದರೆ ಅನೇಕರು ತಡವರಿಸುತ್ತಾರೆ; ಎಷ್ಟು ಡ್ರಮ್ ಮದ್ದು ಹೊಡೆಯುತ್ತೀರಿ ಎಂದರೆ ಥಟ್ಟನೆ ಹೇಳುತ್ತಾರೆ. ಅಡಿಕೆಗೆ ಶೇಕಡಾ 1ರ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. 200 ಲೀಟರಿನ ಡ್ರಮ್ಮಿಗೆ 2 ಕಿಲೋ ಮೈಲುತುತ್ತ. ಕಾಫಿಯ ಎಲೆತುಕ್ಕು ರೋಗಕ್ಕೆ ಶೇಕಡಾ ಅರ್ಧದ ದ್ರಾವಣ ಹೊಡೆಯುವುದರಿಂದ ಅದೇ ಡ್ರಮ್ಮಿಗೆ 1 ಕಿಲೋ ಸಾಕು. ಆದುದರಿಂದ ಅಡಿಕೆಗೆ ಎಷ್ಟು ಡ್ರಮ್, ಕಾಫಿಗೆ ಎಷ್ಟು ಡ್ರಮ್, ಎಷ್ಟು ಸಲ ಹೊಡೆಯುತ್ತೀರಿ ಎಂದು ಬೇರೆಬೇರೆಯಾಗಿ ಕೇಳಿದರೆ ಸಂಘಕ್ಕೆ ಬೇಕಾದ ಕಿಲೋ ಲೆಕ್ಕ ತಾನಾಗಿ ಸಿಗುತ್ತದೆ.

ಕೇಳುವ ಸಮಯವೂ ಮುಖ್ಯ. ಅಡಿಕೆಗೆ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನವೇ ಮುಗಿಯಬೇಕು. ಹಾಗಾದರೆ ಮೈಲುತುತ್ತದ ಪ್ರಶ್ನೆಯನ್ನು ಏಪ್ರಿಲ್ ಮೊದಲ ವಾರದಲ್ಲಿ ಕೇಳಬೇಕು. ನಷ್ಟದ ಪ್ರಶ್ನೆಯನ್ನು ಕೊಯ್ಲು ಮುಗಿದು ಅಡಿಕೆ ಅಂಗಳದಿಂದ ಚೀಲಕ್ಕೆ ಹೋದ ಮೇಲೆ ಕೇಳಬೇಕು. ಎರಡನ್ನೂ ಒಂದೇ ಫಾರಂನಲ್ಲಿ ತುರುಕುವುದು ಬೇಡ.

ಮೂರನೆಯ ಮಾತು ಎಲ್ಲಕ್ಕಿಂತ ದೊಡ್ಡದು. ಫಾರಂ ತುಂಬದವರ ಗತಿ ಏನು? 'ಈಗ ಎಲ್ಲರ ಮನೆಯಲ್ಲೂ ಫೋನ್ ಇದೆ, ಕಾಗದದ ಖರ್ಚೇಕೆ?' ಎಂದು ಕೆಲವರು ಕೇಳುತ್ತಾರೆ. ಫೋನ್ ಇರಬಹುದು, ಅದು ಬೆಂಗಳೂರಿನಿಂದ ಹಬ್ಬಕ್ಕೆ ಬರುವ ಮಗನ ಕೈಯಲ್ಲಿರುತ್ತದೆ, ಇಲ್ಲವೆ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕಾಗುತ್ತದೆ.

ಅಮೆರಿಕದಲ್ಲಿ 1936ರಲ್ಲಿ ನಡೆದ ಸಂಗತಿಯೊಂದನ್ನು ಇಲ್ಲಿ ನೆನೆಯಬೇಕು. ಅಧ್ಯಕ್ಷರ ಚುನಾವಣೆಗೆ ಮೊದಲು 'ಲಿಟರರಿ ಡೈಜೆಸ್ಟ್' ಎಂಬ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಚೀಟಿ ಕಳುಹಿಸಿ ಅಭಿಪ್ರಾಯ ಕೇಳಿತು. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು. ಗೆದ್ದವರು ರೂಸ್ವೆಲ್ಟ್, ಅದೂ 48 ರಾಜ್ಯಗಳ ಪೈಕಿ 46ರಲ್ಲಿ! ಪತ್ರಿಕೆ ವಿಳಾಸಗಳನ್ನು ಹೆಚ್ಚಾಗಿ ಆರಿಸಿದ್ದು ಟೆಲಿಫೋನ್ ಇದ್ದವರ, ಕಾರು ಇದ್ದವರ ಪಟ್ಟಿಯಿಂದ. ಅದು ಸಾಲದೆಂಬಂತೆ, ಚೀಟಿ ತಲುಪಿದವರಲ್ಲೂ ಮುಕ್ಕಾಲು ಪಾಲು ಜನ ಉತ್ತರಿಸಲಿಲ್ಲ. ಬಂದ ಉತ್ತರ ಎಷ್ಟು ಲಕ್ಷವಾದರೇನು, ಬಾರದವರ ದನಿ ಅದರಲ್ಲಿರಲಿಲ್ಲ.

ನಮ್ಮಲ್ಲೂ ಮೊದಲು ಫಾರಂ ತುಂಬುವವರು ರಸ್ತೆ ಬದಿಯ ದೊಡ್ಡ ತೋಟದವರೇ. ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ಅವರ ಲೆಕ್ಕವೊಂದನ್ನೇ ನಂಬಿ ಸಂಘ ದಾಸ್ತಾನು ತರಿಸಿದರೆ, ಮೊದಲ ಮಳೆ ಬಿದ್ದ ದಿನ 20 ಗುಂಟೆಯವನು ಬರುವಷ್ಟರಲ್ಲಿ ಗೋದಾಮು ಬರಿದಾಗಿರುತ್ತದೆ. ಅವನು ಪೇಟೆಯ ಅಂಗಡಿಯಲ್ಲಿ ಕೇಳಿದಷ್ಟು ಹಣ ಕೊಡಬೇಕು. ಇಲ್ಲವೆ ಮದ್ದು ಹೊಡೆಯದೆ ಕಾಯಿ ಉದುರುವುದನ್ನು ನೋಡುತ್ತ ಕೂರಬೇಕು. ಯಾರಿಗಾಗಿ ಸಹಕಾರ ಸಂಘ ಕಟ್ಟಿದೆವೋ ಅವನೇ ಲೆಕ್ಕದಿಂದ ಹೊರಗುಳಿದರೆ ಸಮೀಕ್ಷೆ ಮಾಡಿಯೂ ವ್ಯರ್ಥ.

ಇದಕ್ಕೆ ಪರಿಹಾರವಿದೆ. ಅದೇ ಫಾರಂ ಕಾಗದದ ಮೇಲೂ ಪ್ರತಿ ಶಾಖೆಯಲ್ಲಿ ಸಿಗಲಿ. ಪಡಿತರಕ್ಕೋ ಗೊಬ್ಬರಕ್ಕೋ ಬಂದ ಸದಸ್ಯರನ್ನು ಗುಮಾಸ್ತರು ಕೇಳಿ ಕಂಪ್ಯೂಟರಿಗೆ ಏರಿಸಲಿ. ಹದಿನೈದು ದಿನಗಳಾದ ಮೇಲೆ ಉತ್ತರಿಸದವರ ಪಟ್ಟಿಯನ್ನು ಊರುವಾರು ತೆಗೆದು ಆಯಾ ಊರಿನ ನಿರ್ದೇಶಕರ ಕೈಗೆ ಕೊಡಲಿ. ಫೋನಿನಲ್ಲಿ ತುಂಬುವಾಗ ಸಿಗ್ನಲ್ ಹೋದರೆ ಬರೆದದ್ದು ಅಳಿಯಬಾರದು; ಎರಡು ಸಲ ಒತ್ತಿದರೆ ಎರಡು ಲೆಕ್ಕವಾಗಬಾರದು; ಕಳುಹಿಸಿದ ಮೇಲೆ ತಲುಪಿತೆಂದು ಒಂದು ಸಂಖ್ಯೆ ಬರಬೇಕು.

ಇನ್ನು ನಂಬಿಕೆಯ ಪ್ರಶ್ನೆ. 'ಬೆಳೆ ಎಷ್ಟೆಂದು ಬರೆದುಕೊಟ್ಟರೆ ನಾಳೆ ಅದನ್ನೇ ಸಾಲದ ವಸೂಲಿಗೆ ಹಿಡಿಯುತ್ತಾರೆ' ಎಂದು ನೆರೆಯವರೊಬ್ಬರು ನನ್ನೊಡನೆ ಹೇಳಿದರು. ಇಂಥ ಅಂಜಿಕೆಯನ್ನು ನಕ್ಕು ತಳ್ಳಿಹಾಕಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ತತ್ತ್ವವೂ ಇದೇ: ಯಾವ ಉದ್ದೇಶಕ್ಕೆಂದು ಮೊದಲು ತಿಳಿಸಬೇಕು, ಒಪ್ಪಿಗೆ ಪಡೆಯಬೇಕು, ತಿಳುವಳಿಕೆಯನ್ನು ಕನ್ನಡದಂಥ ನಮ್ಮ ಭಾಷೆಗಳಲ್ಲೂ ಓದಲು ಅವಕಾಶವಿರಬೇಕು. ಫಾರಂನ ತಲೆಯ ಮೇಲೆ ಎರಡು ಸಾಲು ಸ್ಪಷ್ಟ ಕನ್ನಡದಲ್ಲಿರಲಿ: ಇದನ್ನು ಏಕೆ ಕೇಳುತ್ತಿದ್ದೇವೆ, ಯಾರು ನೋಡುತ್ತಾರೆ. ಕಾಫಿ ಕೊಳ್ಳುವಾಗ ತೋಟದ ಸ್ಥಳ ಗುರುತು ಬೇಕೆಂದು ಯುರೋಪಿನ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. ಅದರಲ್ಲಿ 4 ಹೆಕ್ಟೇರಿಗಿಂತ ದೊಡ್ಡ ಜಮೀನಿಗೆ ಗಡಿಯ ನಕ್ಷೆ ಬೇಕು, ಚಿಕ್ಕದಕ್ಕೆ ಒಂದು ಬಿಂದುವಿನ ಗುರುತು ಸಾಕು. ಅದು ಬೇರೆ ಕೆಲಸ, ಅದಕ್ಕೆ ಬೇರೆಯೇ ಒಪ್ಪಿಗೆ ಬೇಕು. ಮೈಲುತುತ್ತ ಕೇಳುವ ಫಾರಂನೊಳಗೆ ತೋಟದ ನಕ್ಷೆಯನ್ನೂ ನುಸುಳಿಸಬಾರದು.

ಕೊನೆಯದಾಗಿ ಆಡಳಿತ ಮಂಡಳಿಗೆ ನನ್ನ ವಿನಂತಿ. ಫಾರಂ ಸಿದ್ಧವಾದ ಕೂಡಲೇ ಎಲ್ಲರಿಗೂ ಬಿಡಬೇಡಿ. ಹತ್ತು ಮಂದಿ ಸಣ್ಣ ಬೆಳೆಗಾರರನ್ನು, ಅವರಲ್ಲಿ ತೋಟ ನೋಡಿಕೊಳ್ಳುವ ಹೆಂಗಸರೂ ವಯಸ್ಸಾದವರೂ ಇರುವಂತೆ ಆರಿಸಿ, ಅವರ ಜಗಲಿಯಲ್ಲೇ ಕುಳಿತು ತುಂಬಿಸಿ. ಯಾವ ಪ್ರಶ್ನೆಗೆ ಬೆರಳು ನಿಲ್ಲುತ್ತದೋ ಆ ಪ್ರಶ್ನೆಯನ್ನು ತಿದ್ದಿ. ಸಮೀಕ್ಷೆ ಮುಗಿದ ಮೇಲೆ ಎಷ್ಟು ಮಂದಿ ಉತ್ತರಿಸಿದರು, ಎಷ್ಟು ಮಂದಿ ಉತ್ತರಿಸಲಿಲ್ಲ, ಅದರ ಮೇಲೆ ಸಂಘ ಏನು ಮಾಡಿತು ಎಂಬುದನ್ನು ಇದೇ ಪತ್ರಿಕೆಯಲ್ಲಿ ಪ್ರಕಟಿಸಿ. ಹೇಳಿದ್ದಕ್ಕೆ ಫಲ ಕಂಡವನು ಮರುವರ್ಷ ಕರೆಯದೆಯೇ ಬಂದು ಹೇಳುತ್ತಾನೆ.

ಸದಸ್ಯ ಬಂಧುಗಳಲ್ಲಿಯೂ ಒಂದು ಪ್ರಾರ್ಥನೆ. ಫಾರಂ ಬಂದಾಗ ಗೊತ್ತಿದ್ದುದನ್ನು ಬರೆಯಿರಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆಯಿರಿ. ನನ್ನಂತೆ ಬೇಸತ್ತು ಸೊನ್ನೆ ಹಾಕಬೇಡಿ.