ಮನೆವಾರ್ತೆ: ಹಳೆಯ ಆಟದ ಹೊಸ ಬೆಲೆ

ಈ ಪುಟದಲ್ಲಿ ಅಕ್ಕಿ ಬೇಳೆಯ ಧಾರಣೆ, ಮನೆಬಾಡಿಗೆ, ಮದುವೆಯ ವೆಚ್ಚ ಇವುಗಳ ವಿಚಾರವನ್ನು ಓದಿ ರೂಢಿಯಾಗಿರುವ ವಾಚಕರಿಗೆ ಈ ತಿಂಗಳ ವಿಷಯವು ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಮಕ್ಕಳಾಟಿಕೆಯ ಮಾತಿಗೆ ಗೃಹಸ್ಥರ ಲೆಕ್ಕದ ಪುಸ್ತಕದಲ್ಲಿ ಎಡೆಯೆಲ್ಲಿ ಎಂದು ಕೇಳುವವರೂ ಇರಬಹುದು. ಆದರೆ ಕಾರಣವಿಲ್ಲದೆ ನಾನು ಇದನ್ನು ಎತ್ತಿಕೊಂಡವನಲ್ಲ.

ಅಮೆರಿಕದ ನ್ಯೂಜರ್ಸಿಯಲ್ಲಿ ಸಂಸಾರ ಹೂಡಿರುವ ನನ್ನ ತಮ್ಮನ ಮಗನಿಂದ ಕೆಲವು ವಾರಗಳ ಕೆಳಗೆ ಒಂದು ಕಾಗದ ಬಂದಿತು. ಕುಶಲಪ್ರಶ್ನೆಗಳು ಮುಗಿದ ಮೇಲೆ ಅವನು ಬರೆದಿದ್ದುದು ಇಷ್ಟು: "ದೊಡ್ಡಪ್ಪ, ಚಿಕ್ಕಂದಿನಲ್ಲಿ ನಾನು ಆಡುತ್ತಿದ್ದ ವಿಡಿಯೊ ಆಟಗಳ ಪೆಟ್ಟಿಗೆ ನಿಮಗೆ ನೆನಪಿರಬಹುದು. 2001ರಲ್ಲಿ ನಾನು ಕಾಲೇಜಿನಲ್ಲಿದ್ದಾಗ ಮನೆ ಬದಲಾಯಿಸಿದರಷ್ಟೆ. ಆಗ ಅಮ್ಮ ಅದನ್ನೆಲ್ಲ ಅಂಗಳದಲ್ಲಿ ಹರಡಿ ಇಪ್ಪತ್ತು ಡಾಲರಿಗೆ ಮಾರಿಬಿಟ್ಟಳು. ಈಗ ಅವೇ ಆಟಗಳನ್ನು ಕೊಳ್ಳಹೋದರೆ ಎರಡು ಸಾವಿರ ಡಾಲರಿಗೂ ಮೇಲಾಗುತ್ತದೆ. ಬೆಲೆ ಇನ್ನೂ ಏರುವುದೆಂದು ಬಲ್ಲವರು ಹೇಳುತ್ತಾರೆ. ಮಗಳ ವಿದ್ಯಾಭ್ಯಾಸಕ್ಕೆ ಕೂಡಿಟ್ಟ ಹಣದಲ್ಲಿ ಒಂದು ಭಾಗವನ್ನು ತೆಗೆದು, ಮೊಹರು ಒಡೆಯದ ಒಂದೆರಡು ಆಟಗಳನ್ನು ಕೊಂಡಿಡಬೇಕೆಂದಿದ್ದೇನೆ. ಇವಳು ಬೇಡವೆನ್ನುತ್ತಾಳೆ. ನೀವು ಹೇಳಿದಂತೆ ನಡೆಯುತ್ತೇನೆ."

ಹೀಗೆ ಹೊರೆಯನ್ನು ನನ್ನ ತಲೆಯ ಮೇಲೆ ಇಟ್ಟ ಮೇಲೆ, ಸಂಗತಿಯನ್ನು ವಿಚಾರಿಸದೆ ಹಾಗೆಂದೋ ಹೀಗೆಂದೋ ಬರೆಯುವುದು ಯುಕ್ತವಲ್ಲವೆಂದು ತೋರಿತು. ವಿಚಾರಿಸಿದಾಗ ತಿಳಿದುಬಂದುದನ್ನು ವಾಚಕರ ಮುಂದೆಯೂ ಇಡುತ್ತೇನೆ.

ಜಪಾನಿನ ನಿಂಟೆಂಡೊ ಕಂಪೆನಿಯವರು 1983ನೆಯ ಇಸವಿಯಲ್ಲಿ ಟೆಲಿವಿಷನ್ನಿಗೆ ಜೋಡಿಸಿ ಆಡತಕ್ಕ ಒಂದು ಯಂತ್ರವನ್ನು ತಮ್ಮ ದೇಶದಲ್ಲಿ ಮಾರಾಟಕ್ಕೆ ತಂದರು. ಅದೇ ಯಂತ್ರವು ಬೂದುಬಣ್ಣದ ಪೆಟ್ಟಿಗೆಯ ರೂಪದಲ್ಲಿ 1985ರಲ್ಲಿ ಅಮೆರಿಕವನ್ನು ಮುಟ್ಟಿತು. ಒಂದೊಂದು ಆಟವೂ ಒಂದೊಂದು ಪ್ಲಾಸ್ಟಿಕ್ ಕವಚದೊಳಗೆ ಅಡಗಿರುವುದು. ಅದನ್ನು ಯಂತ್ರದ ಬಾಯಿಗಿಟ್ಟರೆ ಆಟ ತೆರೆಯ ಮೇಲೆ ಮೂಡುವುದು. ನಮ್ಮ ಊರುಗಳಿಗೆ ಈ ಯಂತ್ರದ ನಕಲುಗಳು 1990ರ ದಶಕದಲ್ಲಿ ಬಂದುವು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆಗಳಿಂದ ಅವನ್ನು ಮನೆಗೆ ತಂದವರೂ, ಹಳದಿ ಕವಚದ 'ಕ್ಯಾಸೆಟ್ಟು'ಗಳಲ್ಲಿ ಮಾರಿಯೊ, ಕಾಂಟ್ರಾ ಎಂಬ ಆಟಗಳನ್ನು ಆಡುತ್ತ ಬೇಸಿಗೆಯ ರಜೆಯನ್ನು ಕಳೆದವರೂ ನಮ್ಮ ವಾಚಕರಲ್ಲಿಯೇ ಅನೇಕರು ಇರುವರು. ನಕಲಿಗೆ ಈಗ ಅಂಥ ಬೆಲೆಯಿಲ್ಲ. ಬೆಲೆ ಬಂದಿರುವುದು ಅಸಲಿಗೆ.

ಎಂಥ ಬೆಲೆಯೆಂದರೆ, ಓದುವವರು ಕಣ್ಣುಜ್ಜಿಕೊಳ್ಳಬೇಕು. ನೆವಾಡ ಪ್ರಾಂತದ ಒಂದು ಮನೆಯವರು ಅಟ್ಟದ ಮೇಲೆ ಕಿಡ್ ಇಕರಸ್ ಎಂಬ ಆಟವನ್ನು ಅಂಗಡಿಯ ಚೀಲದಲ್ಲಿಯೇ, ಮೊಹರು ಒಡೆಯದೆ ಇದ್ದಂತೆ ಕಂಡರು. ಜೊತೆಯಲ್ಲಿ ರಸೀದಿಯೂ ಇತ್ತು: 1988ರ ಡಿಸೆಂಬರಿನಲ್ಲಿ 38 ಡಾಲರು 45 ಸೆಂಟು. ಅದು 2019ರಲ್ಲಿ 9,000 ಡಾಲರಿಗೆ ಹರಾಜಾಯಿತು. ಅನಂತರ 2021ರ ಏಪ್ರಿಲಿನಲ್ಲಿ ಸೂಪರ್ ಮಾರಿಯೊ ಬ್ರದರ್ಸ್ ಆಟದ ಒಂದು ಪ್ರತಿ 6 ಲಕ್ಷ 60 ಸಾವಿರ ಡಾಲರಿಗೆ ಹೋಯಿತು. 1986ರಲ್ಲಿ ಕ್ರಿಸ್‌ಮಸ್ ಉಡುಗೊರೆಗೆಂದು ಕೊಂಡು ಮೇಜಿನ ಖಾನೆಯಲ್ಲಿಟ್ಟು ಮರೆತಿದ್ದ ಪ್ರತಿಯದು. ಅದೇ ವರ್ಷದ ಜುಲೈ ತಿಂಗಳಿನಲ್ಲಿ ದಿ ಲೆಜೆಂಡ್ ಆಫ್ ಜೆಲ್ಡಾ 8 ಲಕ್ಷ 70 ಸಾವಿರಕ್ಕೂ, ಅದಾದ ಎರಡೇ ದಿನಕ್ಕೆ ಸೂಪರ್ ಮಾರಿಯೊ 64 ಎಂಬುದು 15 ಲಕ್ಷ 60 ಸಾವಿರ ಡಾಲರಿಗೂ ಮಾರಾಟವಾದುವು. ಈ ಕೊನೆಯದು ನಮ್ಮ ಲೆಕ್ಕದಲ್ಲಿ ಹನ್ನೊಂದು ಕೋಟಿ ರೂಪಾಯಿಗೂ ಮೇಲೆ! ಇದು 1996ರಲ್ಲಿ ಹೊರಟ ಆಟ. ಒಂದು ಕೋಟಿಗೂ ಮಿಕ್ಕಿ ಪ್ರತಿಗಳು ಮಾರಾಟವಾಗಿದ್ದುವು. ಹಾಗಾದರೆ ಆಟವು ಅಪರೂಪವಲ್ಲ. ಯಾವ ಮಗುವೂ ಬಿಚ್ಚದೆ ಬಿಟ್ಟ ಡಬ್ಬಿಯು ಅಪರೂಪ.

ಈ ಏರಿಕೆಗೆ ಕಾರಣಗಳು ಹಲವು. ಮೊದಲನೆಯದು, ಹಳೆಯ ಆಟಗಳ ಅಸಲು ಪ್ರತಿಗಳನ್ನು ಈಗ ಯಾರೂ ತಯಾರಿಸುವುದಿಲ್ಲ. ಇದ್ದವು ವರ್ಷೇ ವರ್ಷೇ ಕೆಟ್ಟು ಕಡಮೆಯಾಗುವುವು. ಎರಡನೆಯದು, ಅಂದು ಅಂಗಡಿಯ ಗಾಜಿನಾಚೆಗೆ ನಿಂತು ಆಸೆಪಟ್ಟ ಹುಡುಗರು ಇಂದು ನಲವತ್ತು ದಾಟಿದ ಸಂಪಾದನೆಗಾರರು. ಕೈಯಲ್ಲಿ ಕಾಸಿದೆ, ಮನಸ್ಸಿನಲ್ಲಿ ಹಳೆಯ ಆಸೆ ಇದೆ. ಮೂರನೆಯದು, 2020ರ ಕೊರೋನಾ ಪಿಡುಗಿನ ಕಾಲದಲ್ಲಿ ಮನೆಯೊಳಗೇ ಕುಳಿತ ಜನ ಬಾಲ್ಯದ ಆಟಗಳನ್ನು ಅರಸತೊಡಗಿದುದು. ನಾಲ್ಕನೆಯದು, ಡಬ್ಬಿಯ ಸ್ಥಿತಿಯನ್ನು ಪರೀಕ್ಷಿಸಿ ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು, ಪಾರದರ್ಶಕವಾದ ಗಟ್ಟಿ ಪೆಟ್ಟಿಗೆಯಲ್ಲಿ ಮುಚ್ಚಿಕೊಡುವ ಕಂಪೆನಿಗಳು ಹುಟ್ಟಿಕೊಂಡುದು. ಇದರಿಂದ ಆಟದ ಗಂಧವೇ ಇಲ್ಲದ ಹಣವಂತರೂ ಚಿನ್ನ ಬೆಳ್ಳಿಯನ್ನು ಕೊಳ್ಳುವಂತೆ ಇವನ್ನು ಕೊಳ್ಳಲು ಬಂದರು.

ಇನ್ನೊಂದು ಕಾರಣವು ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವುದು. ವಿಡಿಯೊ ಆಟಗಳ ಚರಿತ್ರೆಯನ್ನು ಕಾಪಾಡಲು ಹೆಣಗುತ್ತಿರುವ ಅಮೆರಿಕದ ಒಂದು ಪ್ರತಿಷ್ಠಾನವು 2023ರಲ್ಲಿ ಪ್ರಕಟಿಸಿದ ಪರಿಶೀಲನೆಯ ಪ್ರಕಾರ, ಆ ದೇಶದಲ್ಲಿ ಹೊರಟ ಹಳೆಯ ಆಟಗಳಲ್ಲಿ ನೂರಕ್ಕೆ 87 ಈಗ ಯಾವ ಅಂಗಡಿಯಲ್ಲಿಯೂ ಹೊಸದಾಗಿ ದೊರೆಯುವುದಿಲ್ಲ. ಹಳೆಯ ಪುಸ್ತಕ ಬೇಕಾದವರು ಪುಸ್ತಕಭಂಡಾರಕ್ಕೆ ಹೋಗಿ ಓದಬಹುದು. ಆದರೆ ಇಂಥ ಆಟಗಳನ್ನು ಸಂಶೋಧಕರು ದೂರದಿಂದಲೇ ನೋಡುವಂತೆ ಭಂಡಾರಗಳಿಗೆ ಅನುಮತಿ ಬೇಕೆಂದು ಸಲ್ಲಿಸಿದ ಮನವಿಯನ್ನು ಅಮೆರಿಕದ ಗ್ರಂಥಸ್ವಾಮ್ಯದ ಕಚೇರಿಯು 2024ರ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ನಿಂಟೆಂಡೊದವರೇ 2023ರ ಮಾರ್ಚಿಯಲ್ಲಿ ತಮ್ಮ ಎರಡು ಹಳೆಯ ಯಂತ್ರಗಳಿಗಾಗಿ ನಡೆಸುತ್ತಿದ್ದ ಅಂತರ್ಜಾಲದ ಅಂಗಡಿಗಳನ್ನು ಮುಚ್ಚಿದರು. ನೆಟ್ಟಗಿನ ಬಾಗಿಲು ಮುಚ್ಚಿದಾಗ ಜನರು ಹಳೆಯ ಸಾಮಾನಿನ ವ್ಯಾಪಾರಿಯ ಬಾಗಿಲಿಗೆ ಹೋಗುವುದು ಸಹಜ. ಟೋಕಿಯೋ ನಗರದ ಅಕಿಹಬಾರ ಪೇಟೆಯಲ್ಲಿ ಈ ಹಳೆಯ ಆಟಗಳಿಗಾಗಿಯೇ ಅಂಗಡಿಗಳುಂಟು. ಜಪಾನಿನ ಯೆನ್ ನಾಣ್ಯದ ಮೌಲ್ಯವಿಳಿದ ಮೇಲೆ ಪರದೇಶದ ಯಾತ್ರಿಕರು ಚೀಲ ತುಂಬಿಕೊಂಡು ಹೋಗತೊಡಗಿದರು; ಅಲ್ಲಿಯ ಬೆಲೆಯೂ ಮೇಲೆದ್ದಿತು.

ಒಂದು ಕಾಲದಲ್ಲಿ ಈ ಸಾಮಾನಿಗೆ ಬೆಲೆಯೇ ಇರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. 1983ರಲ್ಲಿ ಅಮೆರಿಕದ ವಿಡಿಯೊ ಆಟಗಳ ವ್ಯಾಪಾರವು ಕುಸಿದಾಗ ಅಟಾರಿ ಕಂಪೆನಿಯವರು ಮಾರಾಟವಾಗದ ಸರಕನ್ನು ಲಾರಿಗಳಲ್ಲಿ ತುಂಬಿ, ನ್ಯೂ ಮೆಕ್ಸಿಕೋದ ಆಲಮಗೋರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಿಸಿದರು. 2014ರ ಏಪ್ರಿಲಿನಲ್ಲಿ ಆ ಗುಂಡಿಯನ್ನು ಅಗೆದು ಸುಮಾರು 1,300 ಆಟಗಳನ್ನು ಹೊರತೆಗೆದರು. ಕೆಲವನ್ನು ವಸ್ತುಸಂಗ್ರಹಾಲಯಗಳಿಗೆ ಕೊಟ್ಟು, ನೂರಾರು ಪ್ರತಿಗಳನ್ನು ಹರಾಜು ಹಾಕಿದಾಗ ಒಂದು ಲಕ್ಷ ಡಾಲರಿಗೂ ಮೇಲೆ ಬಂದಿತು. ಕಸವು ರಸವಾಯಿತು, ನಿಜ. ಆದರೆ ಹೂಳುವ ದಿನ ಇದನ್ನು ಊಹಿಸಿದವರು ಯಾರು?

ನನ್ನ ಉತ್ತರದ ತಿರುಳು ಇಲ್ಲಿಯೇ ಇರುವುದು. 38 ಡಾಲರು ಮೂವತ್ತು ವರ್ಷಗಳಲ್ಲಿ 9,000 ಆಯಿತೆಂದರೆ, ವರ್ಷಕ್ಕೆ ನೂರಕ್ಕೆ ಹತ್ತೊಂಬತ್ತಕ್ಕಿಂತ ಮೇಲಿನ ಚಕ್ರಬಡ್ಡಿಯಾಯಿತು. ಯಾವ ಬ್ಯಾಂಕು ಕೊಟ್ಟೀತು? ಆದರೆ ಆ ಡಬ್ಬಿಗೆ ಈ ಬೆಲೆ ಬಂದುದು, ಉಳಿದ ಮನೆಗಳ ಮಕ್ಕಳೆಲ್ಲ ತಮ್ಮ ಡಬ್ಬಿಗಳನ್ನು ಅಂದೇ ಹರಿದು ಆಡಿದ್ದರಿಂದ. ಲಾಭದ ಆಸೆಯಿಂದ ಯಾರೂ ಕೂಡಿಡದೆ ಇದ್ದುದೇ ಅದರ ಲಾಭಕ್ಕೆ ಕಾರಣ. ಇಂದಾದರೋ ಸಾವಿರಾರು ಜನ ಹೊಸ ಆಟಗಳನ್ನು ಸಹ ಮೊಹರು ಒಡೆಯದೆ ಕಪಾಟಿನಲ್ಲಿಡುತ್ತಿರುವರು. ಎಲ್ಲರೂ ಕಾಪಾಡಿದ ವಸ್ತು ಅಪರೂಪವಾಗುವುದೆಂತು? ಬೆಲೆ ಏರಿಯಾದ ಮೇಲೆ ಕೊಳ್ಳುವವನು ಅಟ್ಟದ ಮೇಲೆ ನಿಧಿ ಕಂಡವನಲ್ಲ. ನಿಧಿ ಕಂಡವನಿಂದ ಕೊಳ್ಳುವವನು. 2021ರಲ್ಲಿ ಶಿಖರಕ್ಕೇರಿದ ಬೆಲೆಗಳಲ್ಲಿ ಅನೇಕವು ಮರುವರ್ಷದಿಂದಲೇ ಇಳಿಮುಖವಾದುವು. ಅಂಕ ಕೊಡುವವರೂ ಹರಾಜು ಹಾಕುವವರೂ ಸೇರಿ ಬೆಲೆಯನ್ನು ಉಬ್ಬಿಸಿದರೆಂಬ ಆಕ್ಷೇಪಣೆಯೂ ಎದ್ದು, ಸಂಬಂಧಪಟ್ಟ ಸಂಸ್ಥೆಗಳು ಅದನ್ನು ಅಲ್ಲಗಳೆದುವು. ಸತ್ಯವೇನಾದರಿರಲಿ, ಮಗಳ ಕಾಲೇಜಿನ ಕಂತು ಕಟ್ಟುವ ದಿನವು ಪೇಟೆಯ ಏರಿಳಿತವನ್ನು ನೋಡಿಕೊಂಡು ಬರುವುದಿಲ್ಲವಷ್ಟೆ.

ಕೊಳ್ಳುವವರಿಗೆ ಇರುವ ಬೇರೆ ತೊಡಕುಗಳನ್ನೂ ಅವನಿಗೆ ಬರೆದೆನು. ಜೆಲ್ಡಾದಂಥ ಆಟಗಳಲ್ಲಿ ಆಡಿದಷ್ಟನ್ನು ನೆನಪಿಟ್ಟುಕೊಳ್ಳಲು ಒಳಗೆ ಬಿಲ್ಲೆಯಂಥ ಒಂದು ಬ್ಯಾಟರಿ ಇರುವುದು. ಹದಿನೈದಿಪ್ಪತ್ತು ವರ್ಷಗಳ ಮೇಲೆ ಅದು ಯಾವಾಗ ಬೇಕಾದರೂ ಸಾಯಬಹುದು, ಸತ್ತರೆ ನೆನಪೆಲ್ಲ ಅಳಿಸಿಹೋಗುವುದು. ಬಂದೂಕು ಹಿಡಿದು ಆಡುವ ಡಕ್ ಹಂಟ್ ಎಂಬ ಆಟವು ಹಳೆಯ ಗಾಜಿನ ಕೊಳವೆಯ ಟೆಲಿವಿಷನ್ನಿನಲ್ಲಲ್ಲದೆ ಈಗಿನ ಚಪ್ಪಟೆ ತೆರೆಯಲ್ಲಿ ನಡೆಯದು. ಬೆಲೆ ಏರಿದೆಡೆಯಲ್ಲಿ ನಕಲು ಹುಟ್ಟುವುದು ಲೋಕರೂಢಿ: ಪೋಕೆಮಾನ್ ಆಟಗಳ ಖೋಟಾ ಪ್ರತಿಗಳು ಹೇರಳವಾಗಿರುವುವು. ಕವಚವನ್ನು ಬಿಚ್ಚಿ ಒಳಗಿನ ಹಸಿರು ಹಲಗೆಯ ಮೇಲೆ ಕಂಪೆನಿಯ ಹೆಸರಿದೆಯೇ ಎಂದು ನೋಡುವುದು ಒಂದು ಪರೀಕ್ಷೆ. ಆದರೆ ಮೊಹರು ಒಡೆದರೆ ಬೆಲೆ ಹೋಗುವ ಡಬ್ಬಿಯನ್ನು ಬಿಚ್ಚಿ ನೋಡುವುದೆಂತು? ಹತ್ತು ಸಾವಿರ ಕೊಟ್ಟವನು ಒಳಗಿರುವುದನ್ನು ನಂಬಿಕೆಯ ಮೇಲೆಯೇ ಕಾಣಬೇಕು.

ಇಷ್ಟು ಲೆಕ್ಕದ ಮಾತಾಯಿತು. ಲೆಕ್ಕಕ್ಕೆ ಸೇರದ ಒಂದು ಮಾತು ಉಳಿದಿತ್ತು. ಕಾಗದ ಬಂದ ವಾರದಲ್ಲಿಯೇ ನನ್ನ ತಮ್ಮನ ಹೆಂಡತಿ ದೂರವಾಣಿಯಲ್ಲಿ ಮಾತನಾಡಿದಳು. "ಇಪ್ಪತ್ತು ಡಾಲರಿಗೆ ಅವನ ಬಾಲ್ಯವನ್ನೇ ಮಾರಿದೆನಂತೆ ಭಾವ, ಬಂದವರ ಮುಂದೆಲ್ಲ ನಗುತ್ತ ಹೇಳುತ್ತಾನೆ" ಎಂದಳು. ತಾನೂ ನಗಲೆಂದೇ ಯತ್ನಿಸಿದಳು, ಆಗಲಿಲ್ಲ. 2001ರ ಆ ವಿಷಯವನ್ನು ನಾನು ಬಲ್ಲೆ. ಆ ವರ್ಷ ತಮ್ಮನಿಗೆ ಕೆಲಸ ಹೋಗಿತ್ತು. ದೊಡ್ಡ ಮನೆಯನ್ನು ಬಿಟ್ಟು ಎರಡು ಕೋಣೆಯ ಬಾಡಿಗೆ ಮನೆಗೆ ಹೋಗಬೇಕಾಯಿತು. ಮಗನ ಕಾಲೇಜಿನ ಕಂತು ಕಟ್ಟಲು ಹದಿನೈದು ದಿನ ಉಳಿದಿತ್ತು. ಮೇಜು ಕುರ್ಚಿಗಳನ್ನೂ, ಹೊಲಿಗೆಯ ಯಂತ್ರವನ್ನೂ, ತೌರಿನಿಂದ ಬಂದ ಬೆಳ್ಳಿಯನ್ನೂ ಮಾರಿದ ಮೇಲೆ, ಕೊನೆಗೆ ಆ ಆಟದ ಪೆಟ್ಟಿಗೆಯೂ ಅಂಗಳಕ್ಕೆ ಬಂದಿತು. ಮಗನಿಗೆ ತಿಳಿದರೆ ಓದು ಬಿಟ್ಟು ಬಂದಾನೆಂದು ಹೇಳಬೇಡವೆಂದರು. ಹೇಳದೆ ಇದ್ದುದು ಹಾಗೆಯೇ ಇಷ್ಟು ವರ್ಷ ನಿಂತುಹೋಯಿತು.

ಇದನ್ನು ಹೇಳುವುದಕ್ಕೆ ತಮ್ಮನ ಮತ್ತು ಅವನ ಹೆಂಡತಿಯ ಅನುಮತಿಯನ್ನು ಕೇಳಿ ಪಡೆದು, ಮಗನಿಗೆ ಹೀಗೆ ಬರೆದೆನು: "ನಿನ್ನ ತಾಯಿ ಆಟವನ್ನು ಮಾರಿ ಕಾಲೇಜಿನ ಕಂತು ಕಟ್ಟಿದಳು. ನೀನು ಕಾಲೇಜಿನ ಹಣದಿಂದ ಆಟವನ್ನು ಕೊಳ್ಳಹೊರಟಿರುವೆ. ಯಾವುದು ಸರಿಯೆಂದು ನಾನು ಹೇಳಬೇಕಾಗಿಲ್ಲ. ಆಸೆ ತಪ್ಪಲ್ಲ, ನಿನ್ನ ತಿಂಗಳ ಕೈಖರ್ಚಿನಲ್ಲಿ ನಿಲ್ಲುವಷ್ಟಕ್ಕೆ ಒಂದು ಬಳಸಿದ ಪ್ರತಿಯನ್ನು ಕೊಂಡುಕೋ. ಅಂಚು ಸವೆದಿರಲಿ, ಚೀಟಿ ಹರಿದಿರಲಿ. ಕೊಂಡುದನ್ನು ಆಡು, ಮಗಳಿಗೂ ಆಡಗೊಡು."

ಮೂರು ದಿನ ಉತ್ತರವಿರಲಿಲ್ಲ. ನಾಲ್ಕನೆಯ ದಿನ ಬಂದ ಕಾಗದದಲ್ಲಿ ಬಹಳ ಮಾತಿರಲಿಲ್ಲ. ಮಗಳ ಹಣವನ್ನು ಮುಟ್ಟಲಿಲ್ಲವೆಂದೂ, ಮಾರಿಯೊ ಆಟದ ಹಳೆಯ ಪ್ರತಿಯೊಂದು ಇಪ್ಪತ್ತು ಡಾಲರಿನ ಆಸುಪಾಸಿಗೆ ಸಿಕ್ಕಿತೆಂದೂ, ಭಾನುವಾರ ಅಪ್ಪ ಅಮ್ಮನ ಮನೆಗೆ ಹೋಗಿದ್ದೆನೆಂದೂ ಬರೆದಿದ್ದನು. ಅಲ್ಲಿ ಏನು ಮಾತಾಯಿತೆಂದು ಅವನು ಬರೆಯಲಿಲ್ಲ, ನಾನೂ ಕೇಳಲಿಲ್ಲ.

ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಮುಂದೆ ಬೆಲೆ ಬಂದೀತೆಂದು ಅಟ್ಟವನ್ನು ತುಂಬಿಸುವುದು ಮನೆವಾರ್ತೆಯಲ್ಲ. ಅದು ಜೂಜಿನ ಒಂದು ಸಾಧುವಾದ ವೇಷ. ಹಳೆಯದೆಂದು ಕೇಳದೆಯೇ ಗುಜರಿಗೆ ಹಾಕುವುದೂ ಒಳ್ಳೆಯದಲ್ಲ. ಮಕ್ಕಳ ಸಾಮಾನನ್ನು ಮಾರುವಾಗ ಅವರನ್ನು ಒಂದು ಮಾತು ಕೇಳಬೇಕು. ಮಾರಲೇಬೇಕಾದ ಕಷ್ಟ ಬಂದರೆ, ಆ ಕಷ್ಟವನ್ನು ಎಂದಾದರೊಂದು ದಿನ ಅವರಿಗೆ ಹೇಳಬೇಕು. ಇನ್ನು, ಯಾರ ಮನೆಯಲ್ಲಾದರೂ ಅಂಥ ಹಳೆಯ ಆಟವಿದ್ದು ನಡೆಯದಿದ್ದರೆ, ಹುಡುಗರು ಮಾಡುವಂತೆ ಬಾಯಿಂದ ಊದಬಾರದು. ಉಸಿರಿನ ತೇವದಿಂದ ಒಳಗಿನ ಲೋಹ ಕಿಲುಬು ಹಿಡಿಯುವುದು. ಹತ್ತಿಯ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮೆಲ್ಲನೆ ಒರಸಿ, ಚೆನ್ನಾಗಿ ಆರಿದ ಮೇಲೆ ಹಾಕಿ ನೋಡಿರಿ. ಎಷ್ಟೋ ಸಲ ಅಷ್ಟರಿಂದಲೇ ಆಟವು ಮತ್ತೆ ನಡೆಯುವುದು.